ತುಕ್ಕು ಹಿಡಿಯದ ಬಾಗಿಲು

ಆಯಸ್ಕಾಂತ ಟಪ್ಪೆಂದು ಬಾಗಿಲಿಗೆ ಅಂಟಿಕೊಂಡಿತು. ಇರ್ಮಾ ಡೋಲನ್ ಅದನ್ನು ಕಿತ್ತು ಒಂದು ಗೇಣು ಆಚೆ ಇಟ್ಟಳು. ಅಲ್ಲೂ ಅಂಟಿತು. ಮುಂದಿನ ಮಡ್‌ಗಾರ್ಡಿಗೆ ಇಟ್ಟಾಗ ಮಾತ್ರ ಜಾರಿ ಅವಳ ಅಂಗೈಗೇ ಬಿತ್ತು.

"ಮುಂದಿಂದೆಲ್ಲ ಅಲ್ಯೂಮಿನಿಯಂ, ಸರಿಯಾಗಿದೆ," ಅಂದಳು. "ಬಾಗಿಲು ಎರಡೂ ಉಕ್ಕಿಂದು. ಯಾರೋ ಬದಲಾಯಿಸಿದ್ದಾರೆ."

"ಬದಲಾದ್ರೆ ಏನಂತೆ?" ಆರ್ವಿಲ್ ಟೀಗ್ ಸಿಡುಕಿದ. "ಎಂಜಿನ್ ನೋಡಿದ್ರಿ, ಗಾಜು ನೋಡಿದ್ರಿ. ಇನ್ನೇನು ತಾಯಿ, ನನ್ನ ಹಲ್ಲು ಒರಿಜಿನಲ್ಲಾ ಅಂತಲೂ ನೋಡ್ತೀರಾ?"

"ಹಲ್ಲಿಗೆ ನಮ್ಮ ರಿಜಿಸ್ಟರಲ್ಲಿ ಕಲಂ ಇಲ್ಲ," ಅಂದಳು ಇರ್ಮಾ.

ಹರಾಜು ಕಂಪನಿಯ ಪೆಲ್ ನಗು ತಡೆದುಕೊಂಡು ತನ್ನ ಫೈಲಿನೊಳಗೆ ಮುಖ ಹಾಕಿದ. ಅಕ್ಟೋಬರ್ ತಿಂಗಳ ಮಧ್ಯಾಹ್ನ. ಶೆಡ್ಡಿನ ಎತ್ತರದ ಕಿಟಕಿಗಳಿಂದ ಬಿಸಿಲು ಇಳಿದು ಕೆಂಗಂದು ಬಣ್ಣದ ಕಾರಿನ ಬೆನ್ನ ಮೇಲೆ ಬಿದ್ದಿತ್ತು.

ಅರವತ್ತನಾಲ್ಕರ ಚಳಿಗಾಲದಲ್ಲಿ ಕಾರ್ಖಾನೆ ಇಂಥ ಕಾರುಗಳನ್ನು ಮಾಡಿದ್ದು ಬರೀ ಐವತ್ತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಿರುಗಾಡಲು ಮಾಡಿದವಲ್ಲ, ಕಾಲು ಮೈಲಿ ರಸ್ತೆಯನ್ನು ಹನ್ನೊಂದು ಸೆಕೆಂಡಿನಲ್ಲಿ ನುಂಗಲು ಮಾಡಿದವು. ರೇಡಿಯೋ ಇಲ್ಲ, ಹೀಟರ್ ಇಲ್ಲ, ಹಿಂದಿನ ಸೀಟಿಲ್ಲ. ಗಾಜು ತೆಳು, ಬಾಗಿಲು ಮತ್ತು ಮುಂಭಾಗವೆಲ್ಲ ಅಲ್ಯೂಮಿನಿಯಂ. ಐವತ್ತರಲ್ಲಿ ಈಗ ಉಳಿದದ್ದು ಇಪ್ಪತ್ತೆರಡು, ಅವುಗಳಲ್ಲಿ ಒಂಬತ್ತನ್ನು ಹುಡುಕಿ ತೆಗೆದವಳು ಇರ್ಮಾ. ಒಂದು ನೆಬ್ರಾಸ್ಕಾದಲ್ಲಿ ಹುಲ್ಲಿನ ಪೆಂಡಿಗಳ ಅಡಿಯಲ್ಲಿತ್ತು, ಇನ್ನೊಂದು ಪಾದ್ರಿಯೊಬ್ಬರ ಹಿತ್ತಿಲಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಯಾವುದು ಅಸಲಿ, ಯಾವುದು ನಕಲಿ ಎಂದು ಹೇಳುವ ರಿಜಿಸ್ಟರು ಹದಿನೈದು ವರ್ಷದಿಂದ ಅವಳ ಕೈಯಲ್ಲಿದೆ. ಅವಳು ಸಹಿ ಹಾಕದ ಕಾರನ್ನು ಹರಾಜಿನವರು ಮೂಸಿಯೂ ನೋಡುವುದಿಲ್ಲ. ಈ ಹೆಂಗಸಿಗೆ ಹಳೇ ಕಾರುಗಳ ಮೇಲೆ ಅದೆಂಥ ಪ್ರೀತಿ ಎಂದು ಜನ ಬೆರಗಾಗುತ್ತಿದ್ದರು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಅವಳು ಹುಡುಕುತ್ತಿದ್ದದ್ದು ಒಂದೇ ಒಂದು ಕಾರನ್ನು. ಉಳಿದವು ದಾರಿಯಲ್ಲಿ ಸಿಕ್ಕಿದವು ಅಷ್ಟೆ.

ಅದು ಅವಳ ಅಣ್ಣ ರೂಡಿ ವಾವ್ರೆಕ್‌ನ ಕಾರು. ಓಹಾಯೋದ ಕ್ಯಾಂಬೆಲ್‌ನಲ್ಲಿ, ಉಕ್ಕಿನ ಕುಲುಮೆಯ ಮುಂದೆ ಮೂರು ವರ್ಷ ಎರಡೆರಡು ಪಾಳಿ ಬೆವರು ಸುರಿಸಿ ಕೊಂಡದ್ದು. ಅದರ ಬಾಗಿಲ ಮೇಲೆ ಹೆಸರು ಬರೆದವಳು ಇರ್ಮಾನೇ, ಹದಿನಾಲ್ಕನೇ ವಯಸ್ಸಿನಲ್ಲಿ. ಬೋರ್ಡು ಬರೆಯುವ ಮುದುಕನೊಬ್ಬನ ಹತ್ತಿರ ಆಗ ತಾನೇ ಕುಂಚ ಹಿಡಿಯಲು ಕಲಿತಿದ್ದಳು. ಕೊನೆಯ ಅಕ್ಷರದ ಕಾಲು ಕೈಜಾರಿ ಮಾರುದ್ದ ಆಗಿಹೋದಾಗ ಅಳುತ್ತಾ ಕೂತಿದ್ದಳು. ರೂಡಿ ನಕ್ಕು, "ಇರ್ಲಿ ಬಿಡೇ, ಕಾಲು ಉದ್ದ ಇದ್ರೆ ಜೋರಾಗಿ ಓಡುತ್ತೆ," ಅಂದಿದ್ದ. ಅದನ್ನು ಅಳಿಸಲು ಬಿಡಲಿಲ್ಲ.

ವಿಯೆಟ್ನಾಮಿಗೆ ಹೊರಟಾಗ ರೂಡಿ ಕಾರಿನ ಕೀಲಿಯನ್ನು ತನ್ನ ಮೆಕ್ಯಾನಿಕ್‌ನ ಕೈಗೆ ಕೊಟ್ಟ. ಮೆಕ್ಯಾನಿಕ್ ಅನ್ನುವುದಕ್ಕಿಂತ ಮನೆಯ ಮಗನೇ ಅನ್ನಬೇಕು. ಆರ್ವಿಲ್ ಟೀಗ್ ಅವರ ಮೇಜಿನಲ್ಲೇ ಉಂಡು ಬೆಳೆದವನು. ಅರವತ್ತೇಳರಲ್ಲಿ ರೂಡಿ ಪೆಟ್ಟಿಗೆಯಲ್ಲಿ ಬಂದ. ಅದಾಗಿ ಮೂರು ವಾರಕ್ಕೆ ಆರ್ವಿಲ್‌ನ ಶೆಡ್ಡಿಗೆ ಬೆಂಕಿ ಬಿತ್ತು. ರೂಡಿಯ ಕಾರು ಸುಟ್ಟುಹೋಯಿತು ಎಂದು ಅವನು ಅವರ ಅಡುಗೆಮನೆಯಲ್ಲಿ ಕೂತು ಗೊಳೋ ಎಂದು ಅತ್ತ. ಅಮ್ಮ ತನ್ನ ದುಃಖವನ್ನು ಪಕ್ಕಕ್ಕಿಟ್ಟು ಅವನ ತಲೆ ಸವರಿದಳು, ಎಲೆಕೋಸು ಹಾಕಿದ ಹಲುಷ್ಕಿ ಬಡಿಸಿದಳು. ಎರಡು ತಟ್ಟೆ ತಿಂದ. ತಿಂಗಳೊಳಗೆ ಊರು ಬಿಟ್ಟ.

ಸುಟ್ಟ ಕಾರು ಆ ಶೆಡ್ಡಿನ ಹಿಂದೆಯೇ ಬಿದ್ದಿತ್ತು. ಮುಂದಿನ ವಸಂತದ ಹೊತ್ತಿಗೆ ಅದರ ಬಾಗಿಲುಗಳೆಲ್ಲ ತುಕ್ಕು ಹಿಡಿದು ಕೆಂಪಗಾಗಿದ್ದನ್ನು ಇರ್ಮಾ ಕಂಡಿದ್ದಳು. ಕಂಡು ಸುಮ್ಮನೆ ಬಂದಿದ್ದಳು. ಇಪ್ಪತ್ತೈದು ವರ್ಷ ಕಳೆದ ಮೇಲೆ ಒಂದು ದಿನ, ಯಾವುದೋ ಬೇಕರಿಗೆಂದು ಅಲ್ಯೂಮಿನಿಯಂ ತಗಡಿನ ಮೇಲೆ ಬೋರ್ಡು ಬರೆಯುತ್ತಿದ್ದಾಗ, ಕೈಯಲ್ಲಿದ್ದ ಕುಂಚ ಹಾಗೇ ನಿಂತುಹೋಯಿತು. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ. ಬೆಂಕಿಗೆ ಸಿಕ್ಕರೆ ಕರಗಿ ಹರಿಯುತ್ತದೆ, ಕೆಂಪಗಾಗುವುದಿಲ್ಲ. ಸುಟ್ಟದ್ದು ಯಾವುದೋ ಗುಜರಿ ಕಾರು. ಅಮ್ಮ ಆಗಲೇ ಸತ್ತು ನಾಲ್ಕು ವರ್ಷವಾಗಿತ್ತು. ಮಗನ ಕೊನೆಯ ಗುರುತೂ ಬೂದಿಯಾಯಿತು ಎಂದುಕೊಂಡೇ ಕಣ್ಣು ಮುಚ್ಚಿದ್ದಳು. ಹೋಗಲಿ ಬಿಡು ಎನ್ನುವ ಜಾಯಮಾನ ಇರ್ಮಾಳದ್ದಲ್ಲ. ಅಮ್ಮ ಬಡಿಸಿದ ಆ ಎರಡು ತಟ್ಟೆಯನ್ನು ಅವನಿಂದ ಕಕ್ಕಿಸಬೇಕು ಎಂದು ಅಂದೇ ತೀರ್ಮಾನಿಸಿದಳು.

ಅವನೀಗ ಕೆಂಟಕಿಯಲ್ಲಿ ದೊಡ್ಡ ಮನುಷ್ಯ, ಕಾರು ಸಂಗ್ರಹದವರ ಪತ್ರಿಕೆಗಳಲ್ಲಿ ಫೋಟೋ ಬರುವಂಥವನು. ಮದುವೆಯಾಗಿ ಡೋಲನ್ ಆಗಿರುವ, ತಲೆ ನೆರೆತ ಈ ಹೆಂಗಸಿನ ಮುಖವನ್ನು ಅವನು ಬೆಳಗ್ಗಿನಿಂದ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅವನ ಕಾರಿಗೆ, ಐವತ್ತರಲ್ಲಿ ಹನ್ನೆರಡನೆಯದು ಎಂದು ಹೇಳುವ ಕಾರ್ಖಾನೆಯ ನಂಬರ್ ತಗಡು ಬಡಿದಿತ್ತು. ನಿಜವಾದ ಹನ್ನೆರಡನೆಯದು ಮರಕ್ಕೆ ಗುದ್ದಿ ಚೂರಾದ ಫೋಟೋ ಇರ್ಮಾಳ ಬಳಿಯಿತ್ತು. ಆದರೆ ಫೋಟೋ ತೋರಿಸಿದರೆ ಅವನು ಇನ್ನೊಂದು ಕಾಗದ ತೋರಿಸುತ್ತಾನೆ, ಅವಳ ವಕೀಲನಿಗೆ ಎದುರಾಗಿ ಇಬ್ಬರು ವಕೀಲರನ್ನು ನಿಲ್ಲಿಸುತ್ತಾನೆ. ಅವಳಿಗೆ ಬೇಕಾಗಿದ್ದದ್ದು ಬಾಗಿಲು, ತನ್ನ ಕೈಬರಹವಿರುವ ಬಾಗಿಲು. ಅದು ಇಲ್ಲೇ ಎಲ್ಲೋ ಇದೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಈ ಹುಚ್ಚಿನವರನ್ನು ಅವಳು ಚೆನ್ನಾಗಿ ಬಲ್ಲಳು. ಹೆಂಡತಿಯನ್ನು ಬಿಟ್ಟಾರು, ಕಾರ್ಖಾನೆಯ ಅಸಲಿ ಬೋಲ್ಟೊಂದನ್ನು ಎಸೆಯಲಾರರು. ತಮ್ಮನ್ನು ಜೈಲಿಗೆ ಕಳಿಸುವ ಸಾಮಾನಾದರೂ ಸರಿಯೇ, ಕಂಬಳಿ ಸುತ್ತಿ ಅಟ್ಟದ ಮೇಲೆ ಇಟ್ಟಿರುತ್ತಾರೆ.

"ಪಾಪ, ಇಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ," ಇರ್ಮಾ ಪೆನ್ನಿನ ಮುಚ್ಚಳ ತೆಗೆದಳು. "ಆದ್ರೆ ಬಾಗಿಲಿಲ್ಲದ ಮೇಲೆ ನಾನೇನು ಮಾಡ್ಲಿ? 'ಅಪೂರ್ಣ' ಅಂತ ಬರೀಬೇಕಾಗುತ್ತೆ. ಇಂಡಿಯಾನಾದಲ್ಲಿ ಒಬ್ರ ಹತ್ರ ಪೂರ್ತಿ ಇದೆ ಬಿಡಿ."

"ಯಾರು, ಆ ಹಲ್ಲಿ ಮೋರೆ ಮರ್ವಿನ್ನಾ?" ಆರ್ವಿಲ್‌ನ ಕತ್ತಿನ ನರ ಉಬ್ಬಿತು. "ಅವನದು ಪೂರ್ತಿ, ನಂದು ಅಪೂರ್ಣ?"

"ರಿಜಿಸ್ಟರ್ ಹಾಗೆ ಹೇಳುತ್ತೆ. ನಾನಲ್ಲ."

ಪೆಲ್ ಗಂಟಲು ಸರಿಮಾಡಿಕೊಂಡ. "ಅಪೂರ್ಣ ಅಂದ್ರೆ ಕ್ಯಾಟಲಾಗಿನ ಮುಖಪುಟಕ್ಕೆ ಹಾಕೋಕಾಗಲ್ಲ ಸಾರ್. ಒಳಗಡೆ ಎಲ್ಲಾದ್ರೂ ಸಣ್ಣದಾಗಿ ಹಾಕೋಣ."

ಆರ್ವಿಲ್ ಒಂದು ಸುತ್ತು ಕಾರನ್ನು ಬಳಸಿ ಬಂದ. ತುಟಿ ಕಚ್ಚಿದ, ಅಟ್ಟದ ಕಡೆ ನೋಡಿದ, ಕಣ್ಣು ತಗ್ಗಿಸಿದ. ಇರ್ಮಾ ಪೆನ್ನನ್ನು ಹಾಳೆಗೆ ಊರಿ 'ಅ' ಎಂದು ಬರೆಯುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ನಿಲ್ಸಿ ತಾಯಿ. ಬಾಗ್ಲು ಇದೆ."

ಏಣಿ ಬಂತು. ಅವನೂ ಪೆಲ್ಲೂ ಸೇರಿ ಎಡ ಬಾಗಿಲನ್ನು ಎಳೆಕೂಸಿನ ಹಾಗೆ ಇಳಿಸಿ ಮೇಜಿನ ಮೇಲೆ ಮಲಗಿಸಿದರು. ಕಂಬಳಿ ಬಿಚ್ಚಿದರೆ ಒಳಗೆ ಇಡೀ ಬಾಗಿಲಿಗೆ ಬೂದು ಬಣ್ಣದ ಪ್ರೈಮರ್ ಬಳಿದಿತ್ತು. ಆಯಸ್ಕಾಂತ ಅದರ ಮೇಲೆ ನಿಲ್ಲದೆ ಜಾರಿತು. ಇರ್ಮಾ ಅದನ್ನು ಜೇಬಿಗೆ ಹಾಕಿಕೊಂಡಳು.

"ಕಾರ್ಖಾನೆ ಬಣ್ಣ ಅಡಿಯಲ್ಲಿದೆಯಾ?"

"ಇದೆ. ಅದನ್ನ ಕೆರೆಯೋಕೆ ಮನಸ್ಸು ಬರ್ಲಿಲ್ಲ, ಮೇಲೆ ಬಳಿದೆ ಅಷ್ಟೆ."

"ಅಂಗೈಯಗಲ ಉಜ್ಜಿ ನೋಡ್ಬೇಕು. ಎಲ್ಲ ಕಾರಿಗೂ ಮಾಡೋದೇ."

ಆರ್ವಿಲ್ ಅಳುಕಿದ. ಬಾಗಿಲ ನಟ್ಟನಡುವೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ಯೋಚಿಸಿ, ಕೆಳಗಿನ ಮೂಲೆಯನ್ನು ಬೆರಳಿನಿಂದ ತೋರಿಸಿದ. "ಇಲ್ಲಿ ಮಾತ್ರ. ಇದಕ್ಕಿಂತ ಮೇಲಕ್ಕೆ ಬೇಡ."

ಇರ್ಮಾ ನೀರಿನ ಬಟ್ಟಲಿಗೆ ವಾಟರ್ ಪೇಪರ್ ಅದ್ದಿ, ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜತೊಡಗಿದಳು. ಬೂದು ನೀರು ಹರಿಯಿತು. ಕೆಂಗಂದು ಬಣ್ಣ ಕಂಡಿತು. ಆಮೇಲೆ ಬಿಳಿಯ ಒಂದು ಗೆರೆ, ಅದರ ಪಕ್ಕ ಇನ್ನೊಂದು. ಅಕ್ಷರಗಳು ಕೊನೆಯಿಂದ ಹಿಂದಕ್ಕೆ ಒಂದೊಂದಾಗಿ ಮೇಲೆದ್ದವು. 'ಟೀಗ್.' ಅದಕ್ಕಿಂತ ಮುಂಚೆ 'ಆರ್ವಿಲ್.'

ಆರ್ವಿಲ್ ಮೇಜನ್ನು ಗುದ್ದಿ ಕೂಗಿದ.

"ನನ್ನ ಹೆಸ್ರು! ನೋಡಿ ಪೆಲ್, ನನ್ನ ಹೆಸ್ರು ಕಣ್ರೀ! ಇನ್ನು ಯಾವನಾದ್ರೂ ಇದು ನನ್ನ ಕಾರಲ್ಲ ಅನ್ಲಿ ನೋಡೋಣ!" ಅವನ ಕಣ್ಣಲ್ಲಿ ನೀರು ತುಂಬಿತು. ಅದು ನಾಟಕವಲ್ಲ ಎಂಬುದು ಇರ್ಮಾಳಿಗೂ ಕಂಡಿತು. "ಇದು ಇತ್ತು ಅನ್ನೋದೇ ಮರ್ತೋಗಿತ್ತು. ಆ ಹುಡ್ಗಿ, ಜಡೆ ಹಾಕ್ಕೊಂಡು ನಾಲಿಗೆ ಕಚ್ಕೊಂಡು ಬರೀತಿದ್ಲು. ನಿನ್ನ ಹೆಸ್ರೂ ಬರೀತೀನಿ ಅಂತ ಅವಳೇ ಹಟ ಮಾಡಿದ್ಲು..."

"ಯಾವ ಹುಡುಗಿ ಸಾರ್?" ಪೆಲ್ ಕೇಳಿದ.

ಆರ್ವಿಲ್ ಬಾಗಿಲು ಮುಚ್ಚಲು ಕಂಬಳಿಗೆ ಕೈ ಹಾಕಿದ.

"ಹೆಸರಿಗಿಂತ ಮುಂಚೆ 'ಮೆಕ್ಯಾನಿಕ್' ಅಂತಿದೆ," ಅಂದಳು ಇರ್ಮಾ. "ಮೆಕ್ಯಾನಿಕ್ ಹೆಸರು ಕೆಳಗಿದ್ರೆ, ಯಜಮಾನನ ಹೆಸರು ಮೇಲಿರ್ಬೇಕಲ್ಲ."

"ಸಾಕು. ಅಂಗೈಯಗಲ ಆಯ್ತು."

"ಇಲ್ಲ ಸಾರ್, ನೋಡಿಯೇ ಬಿಡೋಣ," ಅಂದ ಪೆಲ್. ಅವನ ದನಿಯಲ್ಲಿ ಮೊದಲಿನ ಬೆಣ್ಣೆ ಇರಲಿಲ್ಲ.

ಇರ್ಮಾ ಮೇಲಕ್ಕೆ ಉಜ್ಜಿದಳು. ಆರ್ವಿಲ್ ಅವಳ ಮಣಿಕಟ್ಟು ಹಿಡಿಯಲು ಬಂದ, ಪೆಲ್ ಅಡ್ಡ ನಿಂತ. ಮುಕ್ಕಾಲು ಗಂಟೆ ಹಿಡಿಯಿತು. ಬೋರ್ಡು ಬರೆದೂ ಬರೆದೂ ಗಂಟುಕಟ್ಟಿದ ಅವಳ ಬೆರಳುಗಳು ಒಂದೇ ಹದದಲ್ಲಿ ಸುತ್ತುತ್ತಿದ್ದವು. ರೂಡಿ ಎಂದು ಬಂತು. ವಾವ್ರೆಕ್ ಎಂದು ಬಂತು. ಕಡೆಯ ಅಕ್ಷರದ ಕಾಲು ಬಾಗಿಲ ಅಂಚಿನವರೆಗೂ ಎಳೆದುಕೊಂಡು ಹೋಗಿತ್ತು. ಅದನ್ನು ಕಂಡಾಗ ಮಾತ್ರ ಅವಳು ಕೈ ನಿಲ್ಲಿಸಿ, ಮೊಣಕೈಯಿಂದ ಕಣ್ಣೊರೆಸಿಕೊಂಡಳು.

"ಓದು," ಅಂದಳು.

"ಏನು?"

"ಕಾಣ್ತಿದೆಯಲ್ಲ, ಓದು. ಆ ಉದ್ದ ಕಾಲು ಬರೆದೋಳು ನಾನೇ. ನಮ್ಮಮ್ಮ ಬಡಿಸಿದ್ದನ್ನ ಎರಡು ತಟ್ಟೆ ತಿಂದ್ಯಲ್ಲ, ಅವಳ ಮಗನ ಹೆಸರು ಒಂದು ಸಲ ಬಾಯ್ಬಿಟ್ಟು ಓದು."

ಆರ್ವಿಲ್ ಆಗ ಅವಳ ಮುಖವನ್ನು ಮೊದಲ ಸಲ ನೋಡಿದ. ನೋಡಿ, ಹಿಂದಿದ್ದ ಸ್ಟೂಲಿನ ಮೇಲೆ ಕುಸಿದ. "ಇರ್ಮಾ," ಅಂದ. "ಅವನು ಹೇಗೂ ವಾಪಸ್ ಬರ್ಲಿಲ್ಲ ಮರಿ. ನಿಮ್ಮಮ್ಮ ಅದನ್ನ ಗುಜರಿಗೆ ಹಾಕ್ತಿದ್ರು. ನಾನು ಉಳಿಸ್ದೆ. ನಲವತ್ತೈದು ವರ್ಷ ಮಗು ಸಾಕಿದ ಹಾಗೆ ಸಾಕ್ದೆ."

"ಓದು."

ಅವನು ಓದಿದ. ದನಿ ಹೊರಗೆ ಬರಲಿಲ್ಲ, ತುಟಿ ಮಾತ್ರ ಆಡಿತು. ಪೆಲ್ ಫೈಲು ಮುಚ್ಚಿ ಶೆರಿಫ್‌ಗೆ ಫೋನ್ ಮಾಡಲು ಹೊರಗೆ ಹೋದ.

ಇಷ್ಟಕ್ಕೇ ಮುಗಿಸಬಹುದಿತ್ತು. ಕಾರು ವಾವ್ರೆಕ್ ಮನೆಗೆ ಹಿಂದಿರುಗುವುದು ಖಚಿತವಾಗಿತ್ತು, ಅವನ ಫೋಟೋ ಬೇರೆ ಬಗೆಯ ಪತ್ರಿಕೆಗಳಲ್ಲಿ ಬರುವುದೂ ಖಚಿತವಾಗಿತ್ತು. ಆದರೆ ಅವನು ಸ್ಟೂಲಿನಿಂದ ಬಾಗಿ, ಮೂಲೆಯಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದ. ಎಲ್ಲ ಕಳೆದುಕೊಂಡ ಮೇಲೂ ಅದೊಂದು ಅವನಿಗೆ ದಕ್ಕಿತ್ತು. ಆ ಕಾರಿನ ಮೇಲೆ ಅವನಿಗೆ ನ್ಯಾಯವಾಗಿ ಸೇರಿದ್ದು ಅದೊಂದೇ.

"ಇದಾದ್ರೂ ಇರುತ್ತಲ್ಲ," ಅಂದ ಸಣ್ಣಗೆ. "ನೀನೇ ಬರೆದದ್ದು ಮರಿ."

"ಬೆರಳು ತೆಗಿ."

ಇರ್ಮಾ ವಾಟರ್ ಪೇಪರನ್ನು ನೀರಿಗೆ ಅದ್ದಲಿಲ್ಲ. ಚೀಲದಿಂದ ಒರಟು ಸ್ಯಾಂಡ್‌ಪೇಪರ್ ತೆಗೆದು ಒಣದಾಗಿಯೇ ಹಚ್ಚಿದಳು. ಅಸಲಿ ಬಣ್ಣವನ್ನು ಒಂದು ಕೂದಲೆಳೆಯಷ್ಟೂ ಕೆರೆಯಬೇಡಿ ಎಂದು ಹದಿನೈದು ವರ್ಷ ಊರೂರಿಗೆ ಹೋಗಿ ಬುದ್ಧಿ ಹೇಳಿದವಳು ಅವಳೇ.

"ಏಯ್, ಏನ್ ಮಾಡ್ತಿದ್ದೀಯ! ಅದು ಒರಿಜಿನಲ್ಲು! ಕಾರ್ಖಾನೆ ಬಣ್ಣ ಅದು, ಮತ್ತೆ ಬರಲ್ಲ!" ಆರ್ವಿಲ್ ಕಿರುಚಿದ. ಕಾರು ಹೋದಾಗ ಕಿರುಚದವನು ಈಗ ಕಿರುಚಿದ.

"ಗೊತ್ತು," ಅಂದಳು. ಹದಿನಾಲ್ಕರ ಹುಡುಗಿ ನಾಲಿಗೆ ಕಚ್ಚಿಕೊಂಡು ಬರೆದ ಒಳ್ಳೆಯ ಅಕ್ಷರಗಳವು, ಒಂದೂ ವಕ್ರವಾಗಿರಲಿಲ್ಲ. ಆದರೂ ನಿಲ್ಲಿಸಲಿಲ್ಲ. ಬಿಳಿ ಹೋಯಿತು, ಕೆಂಗಂದು ಹೋಯಿತು, ಬರಿಯ ಲೋಹ ಮಿರಮಿರನೆ ಹೊಳೆಯಿತು. ಪುಡಿಯನ್ನು ಉಫ್ ಎಂದು ಊದಿ ಅವನ ಬೂಟಿನ ಮೇಲೆ ಕೆಡವಿದಳು.

ಆಮೇಲೆ ಕೈ ತೊಳೆದು, ರಿಜಿಸ್ಟರ್ ತೆರೆದು, ಆಗಲೇ ಬರೆದಿದ್ದ 'ಅ' ಹೊಡೆದುಹಾಕಿದಳು. ಎಡ ಬಾಗಿಲು, ಅಸಲಿ. ಮಾಲೀಕ, ರೂಡಿ ವಾವ್ರೆಕ್, ಕ್ಯಾಂಬೆಲ್. ಮೆಕ್ಯಾನಿಕ್ ಎಂಬ ಕಲಂ ಬಂದಾಗ, ಅವನು ನೋಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಹೆಸರು ಬರೆಯದೆ ಉದ್ದಕ್ಕೆ ಒಂದು ಗೆರೆ ಎಳೆದಳು.