ಗುರುವಾರದ ಖೀಮಾ ಸೂಪು

ಗುರುವಾರ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ನಾನು ಸೂಪು ಇಟ್ಟು ಹೊರಡುತ್ತೇನೆ. ಅದರಲ್ಲಿ ಕಷ್ಟದ್ದೇನೂ ಇಲ್ಲ. ದನದ ಖೀಮಾವನ್ನು ಈರುಳ್ಳಿ ಜೊತೆ ಕೆಂಪಗೆ ಹುರಿದು, ಬಿಟ್ಟ ಕೊಬ್ಬು ಬಸಿದು, ಕರೆಂಟ್ ಮಡಕೆಗೆ ಸುರಿಯುವುದು. ಆಲೂಗಡ್ಡೆ, ಕ್ಯಾರೆಟ್, ಒಂದು ಹಿಡಿ ಬಾರ್ಲಿ, ಒಂದು ಡಬ್ಬಿ ಟೊಮೆಟೊ, ಮುಳುಗುವಷ್ಟು ನೀರು. ಮುಚ್ಚಿ ಗುಂಡಿ ತಿರುಗಿಸಿದರೆ ಸಂಜೆಯವರೆಗೂ ಅದರ ಪಾಡಿಗೆ ಅದು ಕುದಿಯುತ್ತಿರುತ್ತದೆ. ಖೀಮಾಕ್ಕೆ ನಾವು ಅಂಗಡಿಗೆ ಹೋಗುವವರಲ್ಲ. ಚಳಿ ಶುರುವಾಗುವ ಮೊದಲು ನಮ್ಮ ಮಂದೆಯ ಒಂದು ಹೋರಿ ಕಟುಕನ ಮನೆಗೆ ಹೋಗಿ ಪೊಟ್ಟಣಗಳಾಗಿ ವಾಪಸು ಬರುತ್ತದೆ. ಫ್ರೀಜರಿನ ಅರ್ಧ ಅದೇ.

ಆ ಸೂಪು ನಮ್ಮಿಬ್ಬರಿಗೆ ಎಷ್ಟೋ ಅಷ್ಟೇ ಓರೆಸ್ಟನಿಗೂ. ನಮ್ಮ ಪಕ್ಕದ ಹೊಲ ಅವನದು. ಪಕ್ಕ ಎಂದರೆ ನಮ್ಮ ಸಾಸ್ಕಾಚೆವಾನಿನ ಬಯಲಿನಲ್ಲಿ ದೀಪ ಕಂಡರೆ ಪಕ್ಕ. ಹೆಂಡತಿ ಮಾರುಸಿಯಾ ಸತ್ತ ಮೇಲೆ ಅವನು ಗುರುವಾರ ಮಧ್ಯಾಹ್ನ ಊರಿನ ಅಂಚೆ ಕಚೇರಿಯಿಂದ ಮರಳುವಾಗ ನಮ್ಮ ಮನೆಗೆ ತಿರುಗುತ್ತಿದ್ದ. ನಾವು ಯಾರೂ ಇರುವುದಿಲ್ಲ. ನಾನು ಶಾಲೆಯ ಬಸ್ಸು ಓಡಿಸುತ್ತೇನೆ, ಗಂಡ ಡಾರ್ಸಿ ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿರುತ್ತಾನೆ. ಇಲ್ಲಿ ಬಾಗಿಲು ತಟ್ಟುವ ಅಭ್ಯಾಸ ಯಾರಿಗೂ ಇಲ್ಲ. ಓರೆಸ್ಟ್ ಒಳಗೆ ಬಂದು, ಬಡಿಸಿಕೊಂಡು, ಜೇಬಿನಲ್ಲಿ ತಂದ ಒಣ ಸಬ್ಬಸಿಗೆ ಉದುರಿಸಿಕೊಂಡು ತಿಂದು, ಬಟ್ಟಲು ತೊಳೆದು ಕವುಚಿಟ್ಟು ಹೋಗುತ್ತಿದ್ದ. ಸಂಜೆ ಫೋನು ಬರುತ್ತಿತ್ತು.

"ಉಪ್ಪು ಕಮ್ಮಿ."

"ಮತ್ಯಾಕೆ ಎರಡು ಬಟ್ಟಲು ತಿಂದ್ರಿ?"

"ಒಂದ್ರಲ್ಲಿ ಗೊತ್ತಾಗ್ಲಿಲ್ಲ, ಹುಡುಗಿ."

ಅಷ್ಟೇ ಮಾತು. ಫೋನು ಇಡುತ್ತಿದ್ದ.

ಆ ಚಳಿಗಾಲ ಸುತ್ತಲಿನ ಹೊಲಗಳ ಶೆಡ್ಡುಗಳಿಂದ ಸಾಮಾನು ಕಳುವಾಗತೊಡಗಿತು. ಡಾರ್ಸಿ ಹಳೇ ಬಾಗಿಲು ಕಿತ್ತು ಹೊಸದು ತಂದ. ಮೇಲರ್ಧ ಪೂರ್ತಿ ಗಾಜು, ಕೆಳಗೆ ಗಟ್ಟಿ ಬೀಗ. ಅದನ್ನು ಕೂರಿಸುವಾಗ ಆ ತೂಕವನ್ನು ಹಿಡಿದು ನಿಂತವನು ಓರೆಸ್ಟೇ. ಕೆಲಸ ಮುಗಿದ ಮೇಲೆ ಗಾಜಿನ ಮೇಲಿನ ಬೆರಳ ಗುರುತನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ. ಬೀಗ ಯಾರಿಗೆ ಎಂದು ಕೇಳಿದ. ಕಳ್ಳರಿಗೆ ಎಂದ ಡಾರ್ಸಿ. ಕಳ್ಳರಿಗೆ ಬೀಗ ತೆಗೆಯೋದು ಗೊತ್ತಿರುತ್ತೆ, ನಮ್ಮಂಥೋರಿಗೆ ಗೊತ್ತಿರಲ್ಲ ಎಂದು ಓರೆಸ್ಟ್ ನಕ್ಕ. ಬೀಗ ಬಂತೇ ಹೊರತು ಹಾಕುವ ಅಭ್ಯಾಸ ಬರಲಿಲ್ಲ. ಕೀಲಿ ಗೊಂಚಲು ಡಾರ್ಸಿಯ ಜೇಬಿನಲ್ಲಿ ಸುಮ್ಮನೆ ಗಲಗಲ ಎನ್ನುತ್ತಿತ್ತು.

ಜನವರಿಯ ಒಂದು ಗುರುವಾರ ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಹೊಸ ಹಿಮ ಬೀಳುತ್ತಿರಲಿಲ್ಲ. ಬಿದ್ದದ್ದನ್ನೇ ಗಾಳಿ ಎಬ್ಬಿಸಿ ಹೊಡೆಯುತ್ತಿತ್ತು. ರಸ್ತೆ ಮುಚ್ಚಿದರು, ಬಸ್ಸು ಬಿಡಬಾರದೆಂದರು. ಮಕ್ಕಳನ್ನು ಶಾಲೆಯ ಸಭಾಂಗಣದಲ್ಲಿ ಕೂರಿಸಿಕೊಂಡು ನಾನು ಓರೆಸ್ಟನ ಮನೆಗೆ ಫೋನು ಮಾಡಿದೆ. ಎತ್ತಲಿಲ್ಲ. ಅವನ ಬಳಿ ಮೊಬೈಲು ಇಲ್ಲ. ನಮ್ಮ ಮನೆಗೆ ಮಾಡಿದೆ. ಎತ್ತಲಿಲ್ಲ. ಇನ್ನೊಬ್ಬರ ಮನೆಯ ಫೋನು ಅವನು ಎತ್ತುವವನಲ್ಲ. ಸೂಪು ಕುಡಿದು ಸೋಫಾದ ಮೇಲೆ ನಿದ್ದೆ ಹೋಗಿರುತ್ತಾನೆ ಎಂದುಕೊಂಡೆ. ಆದರೂ ಮನಸ್ಸು ತಡೆಯದೆ ಮತ್ತೆ ಮತ್ತೆ ಮಾಡುತ್ತಲೇ ಇದ್ದೆ.

ಕೊನೆಗೆ ಡಾರ್ಸಿಗೆ ಮಾಡಿ, ಓರೆಸ್ಟ್ ನಮ್ಮ ಮನೆಯಲ್ಲೇ ಇದ್ದಾನೆ, ಚಿಂತೆಯಿಲ್ಲ, ಸೂಪು ಇದೆ ಎಂದೆ. ಆ ಕಡೆ ಕೆಲಸದ ಸದ್ದು ನಿಂತಿತು.

"ಟ್ರಿನಾ," ಎಂದ. "ನಾನು ಬೀಗ ಹಾಕ್ಕೊಂಡ್ ಬಂದೆ."

ನಾನು ಕಿಟಕಿಯಾಚೆ ನೋಡಿದೆ, ಶಾಲೆಯ ಅಂಗಳವೂ ಕಾಣುತ್ತಿರಲಿಲ್ಲ.

"ನಿನ್ನೆ ಇನ್ನೊಂದು ಕಡೆ ಕಳುವಾಯ್ತಲ್ಲ. ಅದು ನೆನಪಿಗೆ ಬಂತು. ಇವತ್ತು ಗುರುವಾರ ಅನ್ನೋದು ಬರ್ಲಿಲ್ಲ."

ಗಾಜು ಒಡೆದಾದರೂ ಒಳಗೆ ಹೋಗಿರುತ್ತಾನೆ ಎಂದೆ. ಯಾರಾದರೂ ಒಡೆಯುತ್ತಾರೆ ಎಂದ. ಇಬ್ಬರೂ ಅದನ್ನೇ ಹಿಂದೆಮುಂದೆ ಮಾಡಿ ಹೇಳಿಕೊಂಡೆವು.

ಹಿಮ ಸರಿಸುವ ಗಾಡಿ ಹೊರಟಾಗ ಕತ್ತಲಾಗುತ್ತಿತ್ತು. ಮಕ್ಕಳನ್ನು ಬೇರೆಯವರಿಗೆ ಒಪ್ಪಿಸಿ ನಾನು ಡಾರ್ಸಿಯ ಟ್ರಕ್ಕು ಹತ್ತಿದೆ. ಮುಂದೆ ಹೋಗುತ್ತಿದ್ದ ಆ ಗಾಡಿಯ ಕೆಂಪು ದೀಪ ಒಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಮ್ಮ ಮನೆಯ ತಿರುವಿನಲ್ಲಿ ಓರೆಸ್ಟನ ಟ್ರಕ್ಕು ಮೂತಿ ಕೆಳಗಾಗಿ ಚರಂಡಿಯಲ್ಲಿ ನಿಂತಿತ್ತು. ಬಾಗಿಲು ತೆರೆದೇ ಇತ್ತು, ಸೀಟಿನ ಮೇಲೆ ಹಿಮ. ಇಳಿದು ನಡೆದಿದ್ದಾನೆ. ನಮ್ಮ ಮನೆಯ ಕಡೆಗೇ.

ಮನೆಯ ಮುಂದೆ ಹಲಗೆ ಹೊಡೆದ ಸಣ್ಣ ಮೊಗಸಾಲೆ ಇದೆ. ಬೂಟು ಬಿಡುವ ಜಾಗ. ಅದಕ್ಕೆ ಬೀಗವಿಲ್ಲ. ಟಾರ್ಚು ಹಾಕಿದಾಗ ಮೊದಲು ನಮ್ಮ ನಾಯಿಯ ಕಣ್ಣು ಹೊಳೆಯಿತು. ಓರೆಸ್ಟ್ ಹೊಸ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ನಾಯಿ ಅವನ ತೊಡೆ ತುಂಬ ಮಲಗಿತ್ತು. ಹುಬ್ಬು, ಮೀಸೆ ಬೆಳ್ಳಗಾಗಿದ್ದವು. ಒಂದು ಕೈ ನಾಯಿಯ ಹೊಟ್ಟೆಯಡಿ ಇತ್ತು. ಇನ್ನೊಂದು ಬರಿಗೈ, ಬಾಗಿಲ ಹಿಡಿಯ ಮೇಲೇ ಉಳಿದಿತ್ತು. ಆ ಬೆರಳುಗಳ ಬಣ್ಣ ಮೇಣದ ಬಣ್ಣ. ಅವನ ತಲೆಯ ಪಕ್ಕದಲ್ಲಿ, ದನಗಳ ತೊಟ್ಟಿಯ ಮಂಜುಗಡ್ಡೆ ಒಡೆಯುವ ಸುತ್ತಿಗೆ ಯಾವಾಗಲೂ ಇರುವ ಮೊಳೆಯಲ್ಲೇ ನೇತಾಡುತ್ತಿತ್ತು.

ಡಾರ್ಸಿಗೆ ಕೀಲಿ ತೂರಿಸಲಾಗಲಿಲ್ಲ. ನಾನು ಕಿತ್ತುಕೊಂಡು ತೆರೆದೆ. ಬಿಸಿ ಗಾಳಿ, ಖೀಮಾದ ವಾಸನೆ ಮುಖಕ್ಕೆ ಹೊಡೆಯಿತು. ಮಡಕೆಯ ಕೆಂಪು ದೀಪ ಬಾಗಿಲಿನಿಂದ ನೆಟ್ಟಗೆ ಕಾಣುತ್ತಿತ್ತು. ಅವನಿಗಾಗಿ ನಾನು ತೆಗೆದಿಟ್ಟ ಬಟ್ಟಲು ಅದರ ಪಕ್ಕದಲ್ಲಿ.

ಒಳಗೆಳೆದು ಕಂಬಳಿ ಸುತ್ತಿದೆವು. ಉಸಿರಿತ್ತು. ಆಂಬುಲೆನ್ಸಿಗೆ ಫೋನು ಮಾಡಿದ ಡಾರ್ಸಿ ನೆಲದ ಮೇಲೆ ಅವನೆದುರು ಮಂಡಿಯೂರಿ ಕೂತ. ಬಹಳ ಹೊತ್ತಿನ ಮೇಲೆ ಓರೆಸ್ಟ್ ಕಣ್ಣು ಬಿಟ್ಟ. ನಾನು ಚಮಚದಲ್ಲಿ ಸೂಪಿನ ತಿಳಿ ತಂದು ತುಟಿಗೆ ಹಿಡಿದೆ. ಅರ್ಧ ಗಲ್ಲದ ಮೇಲೆ ಹರಿಯಿತು.

"ಸುತ್ತಿಗೆ ತಲೆ ಹತ್ರಾನೇ ಇತ್ತಲ್ಲ," ಎಂದ ಡಾರ್ಸಿ. "ಯಾಕ್ ಒಡೀಲಿಲ್ಲ ನೀವು?"

ಓರೆಸ್ಟ್ ಅವನನ್ನು ನೋಡಿದ. ನಾಲಿಗೆ ತೊದಲುತ್ತಿತ್ತು.

"ಹೊಸ ಗಾಜಲ್ವಾ."

ಆಮೇಲೆ ನನ್ನ ಕಡೆ ತಿರುಗಿದ. "ಫೋನು ಹೊಡ್ಕೊಂತಾನೇ ಇತ್ತು, ಹುಡುಗಿ. ಯಾರೋ ಪಾಪ, ಬಿಡದೆ ಮಾಡ್ತಿದ್ರು."

ಡಾರ್ಸಿ ಎದ್ದು ಮೊಗಸಾಲೆಗೆ ಹೋದ.

ಜೀವ ಉಳಿಯಿತು. ಕೈಗೆ ಸಾಸ್ಕಟೂನಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಬಾಗಿಲ ಹಿಡಿಯ ಮೇಲಿದ್ದ ಬಲಗೈಯಲ್ಲಿ ಹೆಬ್ಬೆರಳು ಬಿಟ್ಟು ಉಳಿದವನ್ನು ತೆಗೆದರು. ನಾವು ನೋಡಲು ಹೋದಾಗೆಲ್ಲ ಅವನು ದನಗಳ ಬಗ್ಗೆ, ರಸ್ತೆಯ ಬಗ್ಗೆ ಮಾತಾಡುತ್ತಿದ್ದ. ಡಾರ್ಸಿ ತಪ್ಪಾಯಿತು ಎಂದು ಶುರು ಮಾಡಿದರೆ, ನಿನ್ನ ಮನೆ, ನಿನ್ನ ಬಾಗಿಲು, ಬೀಗ ಹಾಕದೆ ಇನ್ನೇನು ಮಾಡ್ತೀಯ ಎಂದು ಮಾತು ತಿರುಗಿಸುತ್ತಿದ್ದ. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಡಾರ್ಸಿ ಬೀಗ ಕಿತ್ತು ಹಾಕಿದ. ಆ ತೂತಿನಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು. ಅದಕ್ಕೆ ನನ್ನ ಹಳೇ ಉಣ್ಣೆಯ ಕಾಲುಚೀಲ ತುರುಕಿದ. ಹೊರಗಿನಿಂದ ನೋಡಿದರೆ ಎದ್ದು ಕಾಣುತ್ತಿತ್ತು. ಕಾಣಲಿ ಎಂದೇ ಹಾಗೆ ಮಾಡಿದ್ದ.

ಮಾರ್ಚಿನಲ್ಲಿ ಶಾಲೆಗೆ ರಜೆಯಿದ್ದ ಒಂದು ಗುರುವಾರ ಇಬ್ಬರೂ ಮನೆಯಲ್ಲಿದ್ದೆವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಉಪ್ಪು ಜಾಸ್ತಿಯೇ ಹಾಕಿ ಸೂಪು ಮಾಡಿದ್ದೆ. ಮೇಜಿನ ಮೇಲೆ ಮೂರನೆಯ ಬಟ್ಟಲು ಇಟ್ಟಿದ್ದೆ. ಓರೆಸ್ಟನ ಟ್ರಕ್ಕಿನ ಸದ್ದು ಕೇಳಿ ಡಾರ್ಸಿ ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಎಡಗೈಯಲ್ಲೇ ಓಡಿಸಿಕೊಂಡು ಬಂದಿದ್ದ ಮುದುಕ. ಮೊಗಸಾಲೆಯಲ್ಲಿ ಬೂಟು ಕೊಡವಿದ ಸದ್ದು. ನಾಯಿಗೆ ಏನೋ ಬೈದ. ಆಮೇಲೆ ಸದ್ದಿಲ್ಲ.

ತಿರುಗಿ ನೋಡಿದೆ. ಗಾಜಿನ ಆಚೆ ನಿಂತು ಅವನು ನಮ್ಮನ್ನೇ ನೋಡುತ್ತಿದ್ದ. ತೂತಿನಲ್ಲಿದ್ದ ಕಾಲುಚೀಲವನ್ನೂ ನೋಡಿದ. ಬಲಗೈ ಎತ್ತಿದವನು ಇಳಿಸಿದ. ಮೊಣಕೈಯಿಂದ ಬಾಗಿಲನ್ನು ಎರಡು ಸಲ ತಟ್ಟಿದ. ಗಾಜಿಗಲ್ಲ, ಕೆಳಗಿನ ಮರಕ್ಕೆ.

ಡಾರ್ಸಿಯ ಚಮಚದಿಂದ ಸೂಪು ಮೇಜಿನ ಮೇಲೆ ಸೋರಿತು. ನಾನು ಎದ್ದು ಹೋಗಿ ಬಾಗಿಲು ಎಳೆದೆ.

ಓರೆಸ್ಟ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಒಳಗ್ ಬರ್ಬೋದಾ?" ಎಂದು ಕೇಳಿದ.