ಬಿಲ್ಲೆಗೆ ಕೇಳಿದ್ದು

ಕೆಂಪು ದೀಪ ಮತ್ತೆ ಮಿಣುಕಿತು, ಪೆಡಲಿನ ಮೇಲೆ ಕಾಲಿಲ್ಲ, ಡ್ರಮ್ಮಿನ ಕೋಲೆರಡೂ ಮಂಚದ ಮೇಲೆ ಬಿದ್ದಿವೆ, ಆದರೂ ಮಿಣುಕಿತು — ಕೆಳಗಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು, ಅಷ್ಟೆ, ಸಾವಿನ ಮನೆ, ಮೂರನೆಯ ದಿನ, ಬಾಡಿಗೆ ಕುರ್ಚಿಗಳು, ಒಂದೊಂದು ಎಳೆತಕ್ಕೂ ಒಂದೊಂದು ಮಿಣುಕು, ಹೆಡ್‌ಫೋನಿನಲ್ಲಿ ಒಂದೊಂದು ಧಂ. ಶೆಹಾತ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡ. ಕುರ್ಚಿ ಎಳೆದದ್ದೇ ಈ ಡ್ರಮ್ಮಿಗೆ ಕೇಳುತ್ತದೆ ಎಂದ ಮೇಲೆ ಮನುಷ್ಯರು ಬಡಿದದ್ದು — ಬೇಡ, ಮೊದಲು ಬೆಸುಗೆ ನೋಡೋಣ, ಬೆಸುಗೆ ಬಿಟ್ಟರೂ ಹೀಗೇ ಸುಮ್ಮಸುಮ್ಮನೆ ಮಿಣುಕುತ್ತದೆ, ದೇವರೇ, ಬೆಸುಗೆ ಬಿಟ್ಟಿರಲಿ, ಬಿಲ್ಲೆ ಸೀಳಿರಲಿ, ಸೋಮವಾರ ಮಧ್ಯಾಹ್ನ ಕೇಳಿದ್ದು ಬಿಲ್ಲೆಯ ಹುಚ್ಚೇ ಆಗಿರಲಿ, ಕೆಳಗಿನ ಮನೆಯ ನಬವಿಯಾ ಚಿಕ್ಕಮ್ಮನ ಕೋಲು ಆಗದಿರಲಿ. ನೆಲಕ್ಕೆ ಬಿಗಿದ ಹಲಗೆಯ ತಿರುಪು ಬಿಚ್ಚಿದ, ಹಲಗೆಯ ಅಡಿಯಲ್ಲಿ ಅಂಟಿಸಿದ, ಪೆಟ್ಟಿನ ಅದುರು ಹಿಡಿಯುವ ಪಿಯೆಜೊ ಬಿಲ್ಲೆ, ಹಿತ್ತಾಳೆಯದು, ನಾಣ್ಯದಷ್ಟು ತೆಳು, ನಡುವೆ ಬಿಳಿ ಲೇಪ, ಆ ಬಿಳಿಯನ್ನು ನೋಡಿದ ಕೂಡಲೇ ರೆಪ್ಪೆಯ ಮೇಲಿನ ಗಾರೆ — ಬೇಡ. ಬೆಸುಗೆ ಗಟ್ಟಿಯಾಗಿದೆ, ಹೊಳೆಯುತ್ತಿದೆ, ಹಾಳಾದ್ದು, ಇಷ್ಟು ಚೆನ್ನಾಗಿ ಬೆಸೆಯಬೇಕೆಂದು ಇವನಿಗೆ ಯಾರು ಹೇಳಿದ್ದರು. ಅತ್ತಾರೀನ್ ಬೀದಿಯ ಅಂಗಡಿಯಲ್ಲಿ ಬಖೀತ್ ಎರಡು ಸೆನ್ಸರ್ ಮುಂದಿಟ್ಟಿದ್ದ, ನೋಡು ಉಸ್ತಾದ್, ಈ ಪಟ್ಟಿ ಇದೆಯಲ್ಲ, ನೀನು ಮೆಟ್ಟಿದ್ದಷ್ಟೇ ಇದಕ್ಕೆ ಗೊತ್ತು, ಪಕ್ಕದಲ್ಲಿ ಮನೆ ಬಿದ್ರೂ ಕಮಕ್ ಕಿಮಕ್ ಅನ್ನಲ್ಲ, ಈ ಬಿಲ್ಲೆ ಹಂಗಲ್ಲ, ಇರುವೆ ಸೀನಿದ್ರೂ ಹೇಳತ್ತೆ. ಹಾಗಾದ್ರೆ ಕಿವಿ ಇರೋದನ್ನೇ ಕೊಡಯ್ಯ, ನಲವತ್ತು ವರ್ಷ ಮದುವೆಗಳಲ್ಲಿ ಪಳಗಿದ ಕಾಲು ಇದು, ಕಿವುಡು ಪಟ್ಟಿ ಕಟ್ಕೊಂಡು ಏನ್ ಮಾಡ್ಲಿ, ಎಂದು ಇವನು ನಕ್ಕಿದ್ದ. ಎಂಥ ಜಂಬ! ಇದ್ದುದರಲ್ಲೇ ದೊಡ್ಡ ಬಿಲ್ಲೆ ಆರಿಸಿದ, ಕೆಳಗೆ ರಬ್ಬರು ಹಾಕಿದರೆ ಕಾಲಿನ ನಾಜೂಕು ಸತ್ತುಹೋಗುತ್ತದೆಂದು ಹಲಗೆಯನ್ನು ನೇರವಾಗಿ ನೆಲಕ್ಕೇ ಬಿಗಿದ, ಕರ್ಮೂಜ್ ಕೇರಿಯ ಈ ಹಳೇ ಮನೆಗಳದ್ದು ಕೆಳಬದಿಗೆ ಗಾರೆ ಮೆತ್ತಿದ ಮರದ ನೆಲ, ಒಬ್ಬರ ನೆಲವೇ ಇನ್ನೊಬ್ಬರ ಸೂರು. ಆ ಕಿವುಡು ಪಟ್ಟಿಯನ್ನೇ ಕೊಂಡಿದ್ದರೆ ಇವತ್ತು ಇವನು ನಿರಪರಾಧಿ, ಕೆಳಗೆ ಹೋಗಿ ಎಲ್ಲರ ಜೊತೆ ಕೂತು ಅಳಬಹುದಿತ್ತು.

ಮತ್ತೆ ಈ ಸದ್ದಿಲ್ಲದ ಡ್ರಮ್ಮನ್ನು ಮಾಡಿದ್ದಾದರೂ ಯಾರಿಗೋಸ್ಕರ, ನಬವಿಯಾ ಚಿಕ್ಕಮ್ಮನಿಗೋಸ್ಕರವೇ. ಇಪ್ಪತ್ತು ವರ್ಷ ಪೊರಕೆಕೋಲಿನಿಂದ ಸೂರು ಬಡಿದವಳು, ಲೋ ಶೆಹಾತ, ಮದ್ವೆಮನೇನ ಮದ್ವೆಮನೇಲೇ ಬಿಟ್ಟು ಬಾರೋ, ನಿನ್ನ ಕೈ ಸೇದಿಹೋಗ! ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಇವನಿಗೇ ನಾಚಿಕೆಯಾಗಿ ಅಸಲಿ ಡ್ರಮ್ಮುಗಳನ್ನು ಕಟ್ಟಿಟ್ಟು ಇದನ್ನು ಮಾಡಿದ, ಮಾಡಿದ ವಾರಕ್ಕೆ ನೋಡಲು ಹೋದರೆ, ಏನೋ, ಸದ್ದೇ ಇಲ್ಲ, ಸತ್ತೆಯೇನೋ ಅಂದ್ಕೊಂಡೆ ಎಂದು ಬೊಚ್ಚುಬಾಯಲ್ಲಿ ನಕ್ಕಿದ್ದಳು. ಅವಳ ಮಗಳು ಇನ್ಸಾಫ್ ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದ್ದಳು, ನಾನು ಇಸ್ತ್ರಿ ಅಂಗಡಿಯಿಂದ ಬರೋದು ನಾಲ್ಕಕ್ಕೆ, ಮಧ್ಯಾಹ್ನ ನೀವು ಮನೇಲೇ ಇರ್ತೀರಲ್ಲ ಅಣ್ಣ, ಅಮ್ಮನ ಕೈಲಿ ಕೋಲು ಕೊಟ್ಟಿರ್ತೀನಿ, ಬಡಿದ್ರೆ ಒಂಚೂರು ಇಳಿದು ನೋಡಿ. ಅದಕ್ಕೇನಮ್ಮ, ನನ್ ತಾಯಿ ಇದ್ದ ಹಾಗೆ — ಹೀಗೆಂದವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ, ಕೋಲಿನ ಸದ್ದು ಕೇಳದೆಂದು ತಲೆಗೇ ಹೊಳೆಯಲಿಲ್ಲವಲ್ಲ. ಸೋಮವಾರ ಎರಡು ಗಂಟೆ, ಗುರುವಾರದ ಮದುವೆಗೆ ಒಂದು ಬಿರುಸಿನ ವರಸೆ ಕೂಡಿಬರುತ್ತಿಲ್ಲ, ನಡುವೆ ತಾನು ಬಾರಿಸದ ಧಂ, ಧಂ, ಧಂ. ಥೂ ದರಿದ್ರ ಬಿಲ್ಲೆ. ಸ್ವಲ್ಪ ತಡೆದು ಮತ್ತೆ ಮೂರು. ನಲವತ್ತು ವರ್ಷ ತಾಳ ಹಿಡಿದವನಿಗೆ, ಮೂರು ಬಡಿದು, ಉಸಿರು ತಗೊಂಡು, ಮತ್ತೆ ಮೂರು ಬಡಿಯುವುದು ಮನುಷ್ಯರ ಕೈ ಎಂದು ಗೊತ್ತಾಗಲಿಲ್ಲ. ಡ್ರಮ್ಮಿನ ಪೆಟ್ಟಿಗೆಯಲ್ಲಿ ಸಣ್ಣ ಪೆಟ್ಟುಗಳನ್ನು ತಡೆಯುವ ಗುಂಡಿಯಿದೆ, ಅದನ್ನು ಮೂರರಿಂದ ಒಂಬತ್ತಕ್ಕೆ ತಿರುಗಿಸಿದ, ನಿಂತುಹೋಯಿತು, ಆಹಾ, ನಾಲ್ಕರವರೆಗೂ ಬಾರಿಸಿದ, ಅಷ್ಟು ಚೆನ್ನಾಗಿ ಯಾವತ್ತೂ ಬಾರಿಸಿರಲಿಲ್ಲ. ಇನ್ಸಾಫ್ ಕಿರುಚಿದ್ದೂ ಕೇಳಲಿಲ್ಲ, ಹೆಂಡತಿ ಅವಾತಿಫ್ ಬಂದು ಹೆಡ್‌ಫೋನ್ ಕಿತ್ತಳು, ಕೆಳಗೆ ಓಡಿದ. ಚಿಕ್ಕಮ್ಮನಿಗೆ ಎದೆನೋವು ಬಂದಿದೆ, ಮಾತ್ರೆ ಗೂಡಿನಲ್ಲಿ, ಕೈಗೆಟುಕದಷ್ಟು ದೂರ, ಎರಡೇ ಹೆಜ್ಜೆ, ಯಾರಾದರೂ ತೆಗೆದುಕೊಟ್ಟಿದ್ದರೆ ಸಾಕಿತ್ತು. ಕೈಯಲ್ಲಿ ಕೋಲು. ಸೂರಿನಲ್ಲಿ ಹೊಸ ಕಚ್ಚು. ರೆಪ್ಪೆಯ ಮೇಲೆ ಬಿಳಿ ಗಾರೆ.

ಸಣ್ಣ ಬಿಲ್ಲೆ ಹಾಕಿ ನೋಡೋಣ, ಅದು ಮಿಣುಕದಿದ್ದರೆ ದೋಷ ದೊಡ್ಡದರದ್ದೇ — ತಂತಿ ಬೆಸೆದ, ಬೆರಳು ಸುಟ್ಟಿತು, ಸುಡಲಿ, ಅಂಟಿಸಿದ, ಹಲಗೆ ಬಿಗಿದ, ಬೆಳಿಗ್ಗೆಯೇ ಮತ್ತೆ ಮೂರಕ್ಕೆ ಇಳಿಸಿದ್ದ ಗುಂಡಿ ಹಾಗೇ ಇದೆ, ಕೆಳಗೆ ಕುರಾನ್ ಓದುವವನು ನಿಲ್ಲಿಸಿದ, ಜನ ಎದ್ದರೆಂದು ಕಾಣುತ್ತದೆ, ಮಿಣುಕಿತು. ಸೈಕಲ್ ಟ್ಯೂಬಿನ ತುಂಡು ಕೊಟ್ಟು ಬಿಗಿದ, ಮಿಣುಕಿತು, ಮಂಕಾಗಿ, ಆದರೂ ಮಿಣುಕಿತು. ಎಲ್ಲ ಬಿಲ್ಲೆಗಳೂ ಸತ್ಯ ಹೇಳುತ್ತಿವೆ, ಸುಳ್ಳು ಹೇಳುವ ಒಂದು ಬಿಲ್ಲೆಯೂ ಈ ಮನೆಯಲ್ಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ, ದೀಪ ಮಿಣುಕಿತು, ಬಾಗಿಲಲ್ಲಿ ಇನ್ಸಾಫ್, ಕಪ್ಪು ಬಟ್ಟೆ, ಕೈಯಲ್ಲಿ ಕಾಫಿ, ನೀವು ಕೆಳಗೇ ಬರ್ಲಿಲ್ವಲ್ಲ ಅಣ್ಣ, ತಗೊಳಿ. ಸಾವಿನ ಮನೆಯ ಸಕ್ಕರೆ ಹಾಕದ ಕಹಿ ಕಾಫಿ. ನೆಲದ ಮೇಲೆ ಹರಡಿದ ತಂತಿಗಳನ್ನು ನೋಡಿಯೂ ನೋಡದವಳಂತೆ ಅಲ್ಲೇ ಕುಸಿದು ಕೂತಳು, ನಂದೇ ತಪ್ಪು ಅಣ್ಣ, ಪೊರಕೆಕೋಲು ಭಾರ ಆಗತ್ತೆ ಅಂತ ಭಾನುವಾರ ತಾನೇ ಆ ಹಗುರದ ಕೋಲು ತಂದುಕೊಟ್ಟೆ, ಅದರ ಸದ್ದು ಮೇಲಕ್ಕೆ ಹತ್ತಲೇ ಇಲ್ಲ ನೋಡಿ, ಹಳೇದೇ ಇದ್ದಿದ್ರೆ ನಿಮಗೆ ಕೇಳಿರೋದು, ಓಡಿ ಬಂದಿರ್ತಿದ್ರಿ, ಅಲ್ವಾ? ಕೈಯಾರೆ ಅಮ್ಮನ್ನ ನಾನೇ ಕೊಂದೆ. ಹತ್ತಿತ್ತು ಕಣಮ್ಮ, ಆರಕ್ಕೆ ಆರೂ ಹತ್ತಿತ್ತು, ನಾನೇ ಗುಂಡಿ ತಿರುಗಿಸಿದೆ, ನೀನಲ್ಲ — ಮಾತು ನಾಲಿಗೆಯ ತುದಿಗೆ ಬಂತು, ಹೇಳು, ಈಗಲೇ ಹೇಳು, ಹೇಳಿದರೆ ಇವಳು ಬದುಕಿಕೊಳ್ಳುತ್ತಾಳೆ, ಬಾಯಿ ತೆರೆದ. ಹೌದಮ್ಮ, ಕೇಳ್ಲಿಲ್ಲ. ಅವಳು ತಲೆಯಾಡಿಸಿದಳು, ತನಗೆ ಗೊತ್ತಿದ್ದದ್ದೇ ಎಂಬಂತೆ, ಎದ್ದಳು, ಇಳಿದಳು, ಮಿಣುಕು, ಮಿಣುಕು. ಹೋಗಿ ಕರೆಯಬೇಕು, ಇನ್ಸಾಫ್ ಎನ್ನಬೇಕು, ಕಾಲು ಏಳುವುದಿಲ್ಲ. ಚಿಕ್ಕಮ್ಮ ಕೋಲೆತ್ತಿ ಬಡಿದಿರಬೇಕು, ಗಾರೆ ಉದುರಿರಬೇಕು, ಕಣ್ಣು ಮುಚ್ಚಿಕೊಂಡು ಮತ್ತೆ ಎತ್ತಿರಬೇಕು, ಇವನು ಬರುತ್ತಾನೆಂದು, ಮತ್ತೆ ಉದುರಿರಬೇಕು, ರೆಪ್ಪೆಯ ಮೇಲೆ, ಒರೆಸಿಕೊಳ್ಳಲು ಕೈ ಖಾಲಿಯಿಲ್ಲ, ಕೈಯಲ್ಲಿ ಕೋಲು, ರೆಪ್ಪೆಯ ಮೇಲೆ ಗಾರೆ, ಬಿಳಿ ಗಾರೆ, ರೆಪ್ಪೆಯ ಮೇಲೆ