ಯಾರ್ಸ್ಕ್-ಆವಿಯಾ ನಿಂತ ಮೇಲೆ

ಜಯಪ್ರಕಾಶ ಕೆಲಸ ಮಾಡುತ್ತಿದ್ದ ರಷ್ಯಾದ ವಿಮಾನ ಕಂಪನಿಯ ಹೆಸರು ಯಾರ್ಸ್ಕ್-ಆವಿಯಾ. ಹೆಸರಿನಲ್ಲೇ ಆವಿ ಐತೆ, ಹುಷಾರು ಕಣೋ ಎಂದು ನಾನು ಅವನನ್ನು ವರ್ಷಗಟ್ಟಲೆ ರೇಗಿಸಿದ್ದೆ. 2001ರ ಅಕ್ಟೋಬರಿನಲ್ಲಿ ಅದು ನಿಜಕ್ಕೂ ಆವಿಯಾಯಿತು. ಆ ಕಂಪನಿಯ ವಿಮಾನ ಬಿಟ್ಟರೆ ಆ ತಿಂಗಳಲ್ಲಿ ಬೇರೇನೂ ಹೋಗದ ಊರಿನಲ್ಲಿ ಅವನ ಆರು ವರ್ಷದ ಮಗಳು ಕೃತಿಕಾ ಉಳಿದುಬಿಟ್ಟಳು.

ನನ್ನದು ತುಮಕೂರಿನ ಗುಬ್ಬಿ ಗೇಟ್‌ನಲ್ಲಿ ಎಸ್‌ಟಿಡಿ ಬೂತು. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರ ದನಿ ತೆಗೆದು ನಗಿಸಿದವನು, ಕೊನೆಗೆ ಬೇರೆಯವರ ದನಿಯನ್ನೇ ಮಾರುವ ಅಂಗಡಿ ಇಟ್ಟೆ. ಜಯಪ್ರಕಾಶ ಪಿಯುಸಿಯಲ್ಲಿ ನನ್ನ ಬೆಂಚಿನವನು, ಗುಬ್ಬಿ ಕಡೆಯ ಹಳ್ಳಿಯವನು. ಸ್ಕಾಲರ್‌ಶಿಪ್ ಮೇಲೆ ರಷ್ಯಾಕ್ಕೆ ಹೋಗಿ ವಿಮಾನ ರಿಪೇರಿ ಕಲಿತು, ಅಲ್ಲೇ ಗಾಲ್ಯಾ ಎಂಬ ಹುಡುಗಿಯನ್ನು ಮದುವೆಯಾಗಿದ್ದ. ಗಾಲ್ಯಾ ತೀರಿಕೊಂಡು ಎರಡು ವರ್ಷವಾಗಿತ್ತು.

ರಜೆಗೆ ಬಂದಾಗಲೆಲ್ಲ ಬೂತಿನಲ್ಲಿ ಕೂತು ಕಂಪನಿಯ ಕಥೆ ಹೇಳುತ್ತಿದ್ದ. ಸೋವಿಯತ್ ದೇಶ ಒಡೆದಾಗ ಸರ್ಕಾರದ ದೊಡ್ಡ ವಿಮಾನ ಕಂಪನಿಯೂ ಹೋಳಾಯಿತಂತೆ. ಅಣ್ಣತಮ್ಮಂದಿರು ತೋಟ ಹಂಚಿಕೊಂಡ ಹಾಗೆ ಒಂದೊಂದು ಏರ್‌ಪೋರ್ಟಿನವರು ಕೈಗೆ ಸಿಕ್ಕ ವಿಮಾನ ಹಿಡಿದುಕೊಂಡು ತಮ್ಮದೇ ಕಂಪನಿ ಮಾಡಿಕೊಂಡರು. ಇವರ ಪಾಲಿಗೆ ಬಂದದ್ದು ಏಳು ಹಳೇ ಗಾಡಿ. ಮೊದಮೊದಲು ಜೋರೋ ಜೋರು. ಹೊಸ ಬಣ್ಣ, ಬಾಲದ ಮೇಲೊಂದು ಕರಡಿ ಚಿತ್ರ. ಟಪಾಲು, ಬಸುರಿಯರು, ಆಲೂಗಡ್ಡೆ ಮೂಟೆ, ಮೇಕೆ ಎಲ್ಲಾ ಒಂದೇ ಟ್ರಿಪ್ಪಿನಲ್ಲಿ. ಆಮೇಲೆ ಸ್ಪೇರ್ ಪಾರ್ಟ್ಸ್ ಸಿಗಲಿಲ್ಲ. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಿದರು. "ಏಳಿದ್ದಿದ್ದು ಐದಾಯ್ತು, ಐದಿದ್ದಿದ್ದು ಮೂರಾಯ್ತು. ನಾನು ಮೆಕ್ಯಾನಿಕ್ಕೋ ಕಟುಕನೋ ಗೊತ್ತಾಗ್ತಿಲ್ಲ ಕಣೋ ತಿಮ್ಮೇಶ," ಅನ್ನುತ್ತಿದ್ದ. ಸಂಬಳದ ಬದಲು ಡಬ್ಬಿ ಮೀನು ಕೊಟ್ಟರು. ರೂಬಲ್ ಬಿದ್ದ ವರ್ಷದಿಂದ ಮೀನೂ ನಿಂತಿತು.

ನಾನು ಗಗನಸಖಿಯ ದನಿ ತೆಗೆಯುತ್ತಿದ್ದೆ: "ಮಹನೀಯರೇ, ನಿಮ್ಮ ಎಡಕ್ಕೆ ರೆಕ್ಕೆ ಇದೆ. ಬಲಕ್ಕೆ ಇತ್ತು." ಅಪ್ಪನ ಜೊತೆ ಬಂದಿರುತ್ತಿದ್ದ ಕೃತಿಕಾ ಬಿದ್ದು ಬಿದ್ದು ನಗುತ್ತಿದ್ದಳು.

ಆ ಸೆಪ್ಟೆಂಬರಿನಲ್ಲಿ ಮಗಳನ್ನು ಗಾಲ್ಯಾಳ ತಾಯಿಯ ಹತ್ತಿರ ಬಿಟ್ಟು, ಇಲ್ಲಿ ಕೆಲಸ ಗೊತ್ತುಮಾಡಿಕೊಂಡು ಹೋಗಿ ಕರೆತರೋಣವೆಂದು ಬಂದಿದ್ದ. ಅಷ್ಟರಲ್ಲಿ ಉಳಿದಿದ್ದ ವಿಮಾನಗಳಿಗೂ ಬೀಗ ಬಿತ್ತು. ಹಿಂದೆಯೇ ಆ ಅಜ್ಜಿಗೆ ಲಕ್ವ ಹೊಡೆಯಿತು. ಮಗು ಪಕ್ಕದ ಮನೆಯವರ ಪಾಲಾಯಿತು.

"ಇಮಾನ ನಿಂತ್ರೆ ಬಸ್ ಹಿಡ್ಕಂಡ್ ಓಗ್ಲಾ," ಅಂದರು ಅವನ ತಾಯಿ ದೊಡ್ಡಗಂಗಮ್ಮ, ಬೂತಿನ ಸ್ಟೂಲಿನ ಮೇಲೆ ಕುಕ್ಕರಿಸಿಕೊಂಡು.

"ರೋಡೇ ಇಲ್ಲ ಕಣವ್ವ. ಸುತ್ತ ಜೌಗು. ಬೇಸಿಗೇಲಿ ಹೊಳೆ ಮೇಲೆ ದೋಣಿ, ಹೊಳೆ ಗಟ್ಟಿಯಾಗಿ ಹೆಪ್ಪುಗಟ್ಟಿದ್ ಮೇಲೆ ಲಾರಿ. ಈಗ ಅರೆಬರೆ ಐಸು. ಅದೂ ಇಲ್ಲ, ಇದೂ ಇಲ್ಲ."

"ಅಮೃತೂರ್ ಬಸ್ನೋನು ಕೈಯೆತ್ತಿದಾಗ ಕುಣಿಗಲ್ನೋನು ಆ ಲೈನ್ ತಗಳ್ಳಿಲ್ವಾ? ಅಂಗೇ ಯಾರಾನಾ ತಗಂಡಿರ್ತಾರೆ, ಇಚಾರ್ಸು."

"ಆ ಲೈನ್ ಯಾರಿಗೂ ಬೇಡ ಕಣವ್ವ."

ಹಿಂದಿನ ದಿನ ಆ ಊರಿನ ಪಂಚಾಯ್ತಿಯಂಥ ಆಫೀಸಿನ ಹೆಂಗಸು ಫೋನಿನಲ್ಲಿ ಹೇಳಿದ್ದು ಇಷ್ಟು. ಶುಕ್ರವಾರ ಸರ್ಕಾರದ ಹೆಲಿಕಾಪ್ಟರ್ ಬರುತ್ತದೆ, ಚಳಿಗಾಲಕ್ಕೆ ಮುಂಚೆ ಅದೇ ಕೊನೆ. ಅಜ್ಜಿಯನ್ನು ದೊಡ್ಡಾಸ್ಪತ್ರೆಗೆ, ಮಗುವನ್ನು ಅನಾಥಾಲಯಕ್ಕೆ ಒಯ್ಯುತ್ತದೆ. ಅಪ್ಪ ಬಾಯಿಬಿಟ್ಟು ಒಪ್ಪಬೇಕು. ಒಪ್ಪದಿದ್ದರೆ ಜನವರಿವರೆಗೂ ಪಕ್ಕದ ಮನೆಯೇ ಗತಿ. ಅಲ್ಲಿ ಸೌದೆಯೂ ಅಷ್ಟಕ್ಕಷ್ಟೆ, ಹಿಟ್ಟೂ ಅಷ್ಟಕ್ಕಷ್ಟೆ.

"ಅನಾಥಾಲಯ ಅಂತೆ! ನಾನಿನ್ನೂ ಬದುಕಿದೀನಲ್ಲೋ!" ಜಯಪ್ರಕಾಶ ಬೂತಿನ ಗಾಜಿಗೆ ಹಣೆ ಒತ್ತಿಕೊಂಡ. "ಯಾರಿಗಾದ್ರೂ ದತ್ತು ಕೊಟ್ಬಿಟ್ರೆ? ಅಪ್ಪನೇ ಬೇಡ ಅಂದ ಅಂತಾರೆ."

"ಆ ಅನಾಥಾಲಯ ಇರೋ ಊರಿಗೆ ಎಂಗೋಗಾದು?" ಅಂದರು ದೊಡ್ಡಗಂಗಮ್ಮ.

"ಮಾಸ್ಕೋದಿಂದ ರೈಲಿದೆ."

"ರೈಲೈತಾ? ಮತ್ತೆ ಅದು ಗೇಟ್ ಅಲ್ವೇನ್ಲಾ!"

ಅವರ ಹಳ್ಳಿಯೊಳಕ್ಕೆ ಬಸ್ ಬರುವುದಿಲ್ಲ. ಬಾಣಂತಿಯಾಗಲಿ, ಮದುವೆ ಹೆಣ್ಣಾಗಲಿ, ಮೇನ್ ರೋಡಿನ ಗೇಟ್‌ವರೆಗೆ ನಡೆದು ಬಂದು ಅಲ್ಲಿ ಬಸ್ಸಿಗೆ ಕೈ ಅಡ್ಡ ಹಾಕಬೇಕು.

"ಊರೊಳಕ್ ಬಸ್ ಬರಾಕಿಲ್ಲ ಅಂತ ಅಳ್ತಾ ಕುಂತ್ಕಂತೀವಾ? ಮಗೀನ ಗೇಟ್‌ಗೆ ಬರಾಕೇಳು. ನೀನೂ ಗೇಟ್‌ಗೆ ಓಗು."

"ಗೇಟ್‌ನಲ್ಲಿ ನಿಂತಿರೋಳ್ನ ಬೇರೆ ಯಾರಾದ್ರೂ ಹತ್ತಿಸ್ಕೊಂಡು ಹೋಗ್ಬಿಟ್ರೆ ಅವ್ವಾ?"

ದೊಡ್ಡಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿ ನಿಂತರು.

ಆ ಊರಿಗೆ ಫೋನ್ ಲೈನ್ ಸಿಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅವನು ಆಫೀಸಿನವಳೊಂದಿಗೆ ರಷ್ಯನ್‌ನಲ್ಲಿ ಮಾತಾಡಿದ. ನನಗೆ ಆ ಭಾಷೆ ಬಾರದು, ದನಿ ಮಾತ್ರ ತಿಳಿಯುತ್ತದೆ. ಒಪ್ಪಿಗೆಯದೇ ಇರಬೇಕು, ಒಂದೇ ಪದವನ್ನು ಎರಡು ಸಲ ಹೇಳಿದ. ಮೊದಲನೆಯ ಸಲ ಆಕೆಗೆ ಕೇಳಿಸಿರಲಿಲ್ಲವೆಂದು ಕಾಣುತ್ತದೆ. ಆ ದನಿಯನ್ನು ನಾನು ಇಂದಿಗೂ ಯಾರ ಮುಂದೆಯೂ ತೆಗೆದಿಲ್ಲ.

ಆಮೇಲೆ ಮಗು ಫೋನಿಗೆ ಬಂತು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

"ಅಪ್ಪಾ, ಅಲ್ಲಿ ಅಪ್ಪ ಅಮ್ಮ ಇಲ್ದಿರೋರು ಇರ್ತಾರಂತೆ. ನಂಗೆ ನೀನಿದೀಯಲ್ಲ?"

ಅವನು ರಿಸೀವರನ್ನು ನನ್ನ ಕೈಗೆ ತುರುಕಿದ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕಂಡಕ್ಟರನಾಗಿ ಕೂಗಿದೆ: "ಯಾರ್ರೀ ಗುಬ್ಬಿ, ಗುಬ್ಬಿ, ಗುಬ್ಬೀ! ಗೇಟ್‌ನಲ್ಲಿ ನಿಂತ್ಕಳಮ್ಮಾ, ಬಸ್ ಬತ್ತಾ ಐತೆ!"

ಆ ಕಡೆ ನಗು ಬರಲಿಲ್ಲ.

"ಅದು ನೀನು, ತಿಮ್ಮಾಮ. ಬಸ್ ಅಲ್ಲ."

ನನ್ನ ಗಂಟಲಲ್ಲಿದ್ದ ದನಿಗಳೆಲ್ಲ ಒಟ್ಟಿಗೆ ಖಾಲಿಯಾದವು.

"ಹೌದು ಕಣಮ್ಮ, ನಾನೇ. ಬಸ್ ಸುಳ್ಳು. ಅಪ್ಪ ಬರೋದು ನಿಜ. ನಿನ್ನ ಕರ್ಕೊಂಡ್ ಹೋಗೋ ಊರು ಗೇಟ್ ಅಂದ್ಕೋ. ಯಾರು ಏನ್ ಕೊಟ್ಟು ಕರೆದ್ರೂ ಹೋಗ್ಬೇಡ. ಅಪ್ಪ ಬರೋವರ್ಗೂ ಅಲ್ಲೇ ಇರು."

"ಅಲ್ಲಿ ಹಳ್ಳೀಲಿ ಅಜ್ಜಿ ಜೊತೆ ಗೇಟ್‌ನಲ್ಲಿ ನಿಲ್ತಿದ್ನಲ್ಲ, ಹಂಗಾ?"

"ಹಂಗೇ."

"ಒಂದಿನ ಬಸ್ ನಿಲ್ದೇನೇ ಹೋಗಿತ್ತು," ಅಂದಳು. ಲೈನ್ ಕಟ್ಟಾಯಿತು.

"ಏನಂದ್ಲು ಮಗ?" ದೊಡ್ಡಗಂಗಮ್ಮ ಹೊರಗಿನಿಂದ ಗಾಜು ಬಡಿಯುತ್ತಿದ್ದರು. ನಾನು ತಿರುಗಿ ನೋಡಿದರೆ ಜಯಪ್ರಕಾಶ ಬೂತಿನಲ್ಲಿರಲಿಲ್ಲ. ರಸ್ತೆಯ ನಡುವೆ, ಕಾಲಲ್ಲಿ ಚಪ್ಪಲಿಯೂ ಇಲ್ಲದೆ, ಬೆಂಗಳೂರಿನ ಬಸ್ಸಿಗೆ ಎರಡೂ ಕೈ ಅಡ್ಡ ಹಾಕಿ ನಿಂತಿದ್ದ. ಅವನ ಪಾಸ್‌ಪೋರ್ಟು ಹಳ್ಳಿಮನೆಯ ಟ್ರಂಕಿನಲ್ಲೇ ಇತ್ತು. ಕೂಗಿದೆ. ಅವನು ತಿರುಗಲಿಲ್ಲ.